ನಾಯಿಗೆ ಬೂಟು, ನನಗೆ ಚೆಪ್ಪು

ನಾಯಿಗೆ ಅಂಗಾಲಿನಲ್ಲಿ ಬೆವರು ಬರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ನನಗೆ ಗೊತ್ತಾಗಿದ್ದು ಒಂದು ತಿಂಗಳು ಆ ಬೆವರನ್ನು ಮೂಗಿನ ಹತ್ತಿರ ಇಟ್ಟುಕೊಂಡು ಕೂತಿದ್ದರಿಂದ. ಹದ ಮಾಡಿದ ತೊಗಲು, ಹೊಂಗೆ ಎಣ್ಣೆ, ನಾಯಿಯ ಅಂಗಾಲಿನ ಬೆವರು, ಮೂರೂ ಸೇರಿದರೆ ಎಂಥ ವಾಸನೆ ಬರುತ್ತದೆ ಎಂದು ಹೇಳಲು ನನಗೆ ಮಾತಿಲ್ಲ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು, ಬೂದಿ ಹಾಕಿ ಉಜ್ಜಿದರೂ ಹೋಗದು. ಮುದ್ದೆ ಮುರಿಯುವಾಗ ಬೆರಳಿನಿಂದ ಅದೇ ವಾಸನೆ. ಎಷ್ಟೋ ದಿನ ಎಡಗೈಯಲ್ಲಿ ಮೂಗು ಹಿಡಿದುಕೊಂಡು ಉಂಡಿದ್ದೇನೆ.

ಅದು ಮಹಾರಾಜರ ಕಾಲ. ನನಗೆ ಹದಿನಾರೋ ಹದಿನೇಳೋ. ತವರು ಪಾವಗಡದ ಆಚೆ. ಅಲ್ಲಿ ಒಲೆ ಮುಂದೆ ತೆಲುಗು, ಅಂಗಳಕ್ಕೆ ಬಂದರೆ ಕನ್ನಡ. ನನ್ನನ್ನು ಕೊಟ್ಟಿದ್ದು ಮಧುಗಿರಿ ಹತ್ತಿರದ ಹಳ್ಳಿಗೆ. ಹಿತ್ತಿಲಲ್ಲಿ ನಿಂತರೆ ಮಧುಗಿರಿ ಬೆಟ್ಟ ಕಾಣುತ್ತಿತ್ತು, ನಮ್ಮ ಮಾವನ ತಲೆಯ ಹಾಗೆ ಬೋಳು. ಮಾವನ ಮುತ್ತಾತಂದಿರು ಪಾಳೇಗಾರರ ಕೋಟೆ ಕಾಯ್ದವರಂತೆ. ಕೋಟೆ ಹಾಳು ಬಿದ್ದು ಎಷ್ಟು ತಲೆಮಾರಾಗಿತ್ತೋ, ಮಾವ ಮಾತ್ರ ಇನ್ನೂ ಅದೇ ಗತ್ತಿನಲ್ಲಿದ್ದರು. ಕಾಯಲು ಏನೂ ಉಳಿದಿರಲಿಲ್ಲವಾದ್ದರಿಂದ ಬೇಟೆಗೆಂದು ಎರಡು ನಾಯಿ ಸಾಕಿದ್ದರು. ಒಂದು ಕರಿಯ ಗಂಡು, ಒಂದು ಕೆಂಪು ಹೆಣ್ಣು. ಸಾಕಿದ್ದು ಅವರು ಎನ್ನುವುದು ಹೆಸರಿಗೆ. ಅಂಬಲಿ ಹುಯ್ಯುವುದು, ಮೈಮೇಲಿನ ಉಣ್ಣೆಹುಳ ಕೀಳುವುದು, ಕಕ್ಕಿದ್ದು ಬಳಿಯುವುದು ನಾನು.

ಆಗ ನಮ್ಮ ಸೀಮೆಯಲ್ಲಿ ಹೊಲಕ್ಕಿಂತ ಪಾಪಾಸುಕಳ್ಳಿಯೇ ಹೆಚ್ಚಿತ್ತು. ಸರ್ಕಾರದವರು ಬಿಳಿ ಹಿಟ್ಟಿನಂಥ ಹುಳ ಬಿಟ್ಟು ಅದನ್ನು ಸಾಯಿಸಿದ್ದು ಆಮೇಲೆ. ಊರ ಸುತ್ತ, ಕೆರೆ ಏರಿ ಮೇಲೆ, ಹಾಳು ಕೋಟೆಯ ಒಳಗೆ ಎಲ್ಲೆಲ್ಲೂ ಕಳ್ಳಿ. ಅದರ ಹಳೇ ಎಲೆ ಒಣಗಿ ಮಣ್ಣಾದರೂ ಮುಳ್ಳು ಮಣ್ಣಾಗುವುದಿಲ್ಲ. ಧೂಳಿನಲ್ಲಿ ಮಲಗಿಕೊಂಡು ಕಾಯುತ್ತಿರುತ್ತದೆ. ಬಾವಿಗೆ, ಹೊಲಕ್ಕೆ, ಸೌದೆಗೆ ಎಲ್ಲದಕ್ಕೂ ಅದೇ ದಾರಿ, ನನಗೆ ಬರಿಗಾಲು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನ ಎಡಗಾಲಿನ ಹಿಮ್ಮಡಿಗೆ ಒಂದು ಮುಳ್ಳು ಹೊಕ್ಕಿತು. ಅರ್ಧ ಬಂತು, ಅರ್ಧ ಒಳಗೇ ಮುರಿಯಿತು. ಎಕ್ಕದ ಹಾಲು ಹಾಕಿದೆ, ಬೆಲ್ಲ ಸುಣ್ಣ ಕಟ್ಟಿದೆ. ಕೀವು ಬಂತು, ಹೋಯಿತು, ಮತ್ತೆ ಬಂತು. ಹಿಮ್ಮಡಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹಿಂದಿನ ವರ್ಷ ನಮ್ಮ ಪಕ್ಕದ ಮನೆಯ ಹೆಂಗಸು ಇಂಥದ್ದೇ ಮುಳ್ಳಿನಿಂದ ಮೊಣಕಾಲವರೆಗೆ ಊದಿಕೊಂಡು ಸತ್ತಿದ್ದಳು. ಅವಳ ಕಾಲು ನಾತ ಹೊಡೆಯುತ್ತಿದ್ದುದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಹೀಗಾಗಿ ನನಗೆ ಬೇಕಾಗಿದ್ದುದು ಒಂದೇ, ಒಂದು ಜೊತೆ ಮೆಟ್ಟು. ಗಾಯದ ಮೇಲೆ ಗಾಯ ಆಗದೆ ಇದ್ದರೆ ತಾನೇ ಮಾಯುತ್ತದೆ ಎಂದು ನನಗೆ ಗೊತ್ತಿತ್ತು.

ಅತ್ತೆಯನ್ನು ಕೇಳಿದೆ.

"ಥೂ ನಿನ್ನ! ಸೊಸೆ ಮೆಟ್ಟು ಮೆಟ್ಕಂಡು ಓಡಾಡುದ್ರೆ ಮಾವನ ತಲೆ ಮೇಲೆ ಮೆಟ್ದಂಗೆ ಕಣೆ. ನಿಮ್ಮ ಕಡೆ ಹೆಂಗೋ ನಂಗೊತ್ತಿಲ್ಲ, ಇಲ್ಲಿ ಅಂಗಿಲ್ಲ."

"ಕೀವು ಸೋರ್ತೈತೆ ಅತ್ತೆ."

"ಸೋರ್ಲಿ ಬುಡು. ನಾವೆಲ್ಲ ಮುಳ್ಳು ತುಳೀದೆ ಬಂದೋರಾ?"

ಗಂಡನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರು ಅಪ್ಪನ ಎದುರಿಗೆ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮುತ್ತಿದ್ದರು.

ಇಂಥ ಹೊತ್ತಿನಲ್ಲಿ ಮಾವ ಯಾವುದೋ ಜಮೀನಿನ ವಿಷಯಕ್ಕೆ ಮಧುಗಿರಿ ಕಚೇರಿಗೆ ಹೋಗಿಬಂದರು. ಜಮೀನಿನ ವಿಷಯ ಏನಾಯಿತೋ ಯಾರಿಗೂ ಹೇಳಲಿಲ್ಲ. ಹೇಳಿದ್ದು ನಾಯಿಯ ವಿಷಯ. ಬಂಗಲೆಯಲ್ಲಿ ಇಳಿದುಕೊಂಡಿದ್ದ ಯಾರೋ ದೊರೆಯ ನಾಯಿ ಬಂಡೆಯ ಬಿಸಿಗೆ ಕಾಲು ಸುಟ್ಟುಕೊಂಡಿತ್ತಂತೆ. ಅದಕ್ಕೆ ನಾಲ್ಕು ಕಾಲಿಗೂ ತೊಗಲಿನ ಬೂಟು ಹಾಕಿದ್ದರಂತೆ. ಮಾವ ನಿಂತಲ್ಲೇ ನಿಂತು ನೋಡಿದರಂತೆ.

"ನಮ್ಮ ನಾಯ್ಗಳ್ಗೂ ಒಲುಸ್ತೀನಿ. ಹಂದಿ ಕಳ್ಳಿ ಮೆಳೆ ಒಳೀಕೆ ಹೊಕ್ಕಂಡ್ರೆ ಇವು ಮುಂದಕ್ಕೆ ಕಾಲಿಡಲ್ಲ. ಬೂಟು ಹಾಕ್ಬುಟ್ರೆ ಹುಲಿ ಆಯ್ತವೆ ನೋಡು" ಎಂದರು.

ಕಾಲಿಗೆ ಬೂಟು ಸರಿ, ಮೂತಿಗೆ ಏನು ಹಾಕುತ್ತೀರಿ ಎಂದು ಕೇಳಬೇಕೆನಿಸಿತು.

ಊರಿಗೆಲ್ಲ ಮೆಟ್ಟು ಹೊಲಿಯುವ ಅಜ್ಜನನ್ನು ಕರೆಸಿದರು. ಅವನು ನಮ್ಮ ಬೀದಿಗೆ ಬರುವಾಗ ತನ್ನ ಮೆಟ್ಟನ್ನು ಕಾಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬರಬೇಕಿತ್ತು. ಹಾಗೇ ಬಂದ. ನಾಯಿಯ ಕಾಲಿಗೆ ಬೂಟು ಹೊಲಿಯಬೇಕು ಎಂದಾಗ ತಲೆ ಕೆರೆದುಕೊಂಡ.

"ಆಗ್ಲಿ ಬುದ್ದಿ" ಎಂದ. ಆಮೇಲೆ ಮಾವ ಆಚೆ ತಿರುಗಿದಾಗ ನನ್ನ ಕಡೆ ನೋಡಿ, "ನಮ್ಮ ವಂಶದಾಗೆ ನಾಯಿ ಅಳ್ತೆ ತಕ್ಕಂಡೋನು ನಾನೇ ಮೊದ್ಲು ಕಣವ್ವ. ಸತ್ತು ಮೇಲಕ್ಕೋದ್ರೆ ನಮ್ಮಪ್ಪ ಕಾಲು ಮುರೀತಾನೆ" ಎಂದ.

ಮಾವ ನಾಯಿಯನ್ನು ಮಗ್ಗುಲಾಗಿ ಕೆಡವಿ ಹಿಡಿದುಕೊಂಡರು. ಅಜ್ಜ ಅದರ ಮುಂಗಾಲಿಗೆ ಒಂದು ಕಡ್ಡಿ ಇಟ್ಟು ಅಳೆದು ಮುರಿದುಕೊಂಡ. ಅದೇ ಒಂದು ಕಡ್ಡಿಯ ಅಳತೆಗೆ ಎಂಟು ಬೂಟು ಹೊಲಿದು ತಂದ. ಚೀಲದಂಥ ಬೂಟು, ಬಾಯಿಗೆ ತೊಗಲಿನ ದಾರ. ಹಾಕಿದರೆ ಮುಂದಿನ ಕಾಲಿಗೆ ಹತ್ತುವುದೇ ಇಲ್ಲ, ಹಿಂದಿನ ಕಾಲಿನಲ್ಲಿ ನಿಲ್ಲುವುದೇ ಇಲ್ಲ.

ಮಾವನಿಗೆ ಇದೆಲ್ಲ ನೋಡುವ ತಾಳ್ಮೆ ಎಲ್ಲಿ? ಬಿಗಿಯೋ ಸಡಿಲವೋ, ಹೇಗೋ ತುರುಕಿ, ದಾರ ಬಿಗಿದು, ಎರಡನ್ನೂ ಊರ ಕಟ್ಟೆಯ ಮುಂದಕ್ಕೆ ಎಳೆದುಕೊಂಡು ಹೋದರು. ಕಟ್ಟೆ ಮುಂದೆ ನಿಲ್ಲಿಸಿದ್ದೇ ತಡ, ಕರಿಯ ನಾಯಿ ಕೆಸರಿಗೆ ಇಳಿದ ಕೋಳಿಯ ಹಾಗೆ ಒಂದೊಂದೇ ಕಾಲು ಎತ್ತಿ ಎತ್ತಿ ಒದರಿತು. ಕೆಂಪು ನಾಯಿ ಕಾಲೇ ಎತ್ತಲಿಲ್ಲ, ಹೂತ ಕಲ್ಲಿನ ಹಾಗೆ ನಿಂತಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಉಚ್ಚೆ ಬೂಟಿನ ಒಳಕ್ಕೇ ಇಳಿಯಿತು. ಕಟ್ಟೆಯ ಮೇಲಿದ್ದವರು ಉರುಳಾಡಿ ನಕ್ಕರು.

"ನಾಯಕ್ರೆ, ಇದ್ಕೆ ಪೇಟಾನೂ ಸುತ್ಬುಡಿ, ಅಮಲ್ದಾರ್ರು ಆಯ್ತದೆ!"

ಮಾವನ ಬೋಳುತಲೆ ಕೆಂಪಾಯಿತು. "ನಗ್ರಲಾ ನಗ್ರಿ. ಹೊಸ್ತೊಡಕಿನ ಬೇಟೆ ಹೊತ್ಗೆ ಇವು ಬೂಟು ಹಾಕ್ಕಂಡು ಓಡ್ದಿದ್ರೆ ನಾನು ಮೀಸೆ ಬೋಳುಸ್ಕತೀನಿ" ಎಂದುಬಿಟ್ಟರು. ಯುಗಾದಿಯ ಮಾರನೇ ದಿನ ಹೊಸ್ತೊಡಕು, ಅವತ್ತು ಊರ ಗಂಡಸರೆಲ್ಲ ಬೇಟೆಗೆ ಹೋಗುವುದು ಪದ್ಧತಿ. ಆಗಿನ್ನೂ ಶಿವರಾತ್ರಿ ಆಗಿ ಎರಡು ದಿನವಾಗಿತ್ತು.

ಮೀಸೆ ಅವರದು, ನಾಯಿಗೆ ಕಲಿಸುವ ಕೆಲಸ ಯಾರದು? ಆ ನಾಯಿಗಳು ಮಾತು ಕೇಳುತ್ತಿದ್ದುದು ಅಂಬಲಿ ಹುಯ್ಯುವವಳದ್ದು ಮಾತ್ರ. ನನ್ನನ್ನು ಕರೆಸಿದರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಕಟ್ಟೆಯ ಮಗ್ಗುಲಲ್ಲಿ, ಎಡಗಾಲಿನ ತುದಿಬೆರಳ ಮೇಲೆ ನಿಂತೆ. ಹಿಮ್ಮಡಿ ಊರುವ ಹಾಗಿರಲಿಲ್ಲ.

"ನಮ್ಮ ಸೊಸೆ ಕಲುಸ್ತಾಳೆ. ಏನಮ್ಮ? ಇವನ್ನ ಓಡುಸ್ಬುಟ್ರೆ ನೀನು ಕೇಳಿದ್ದು ಕೊಡ್ತೀನಿ." ಅಲ್ಲಿಗೆ ನಿಲ್ಲಿಸಬಹುದಿತ್ತು. ಜನರನ್ನು ನಗಿಸಬೇಕಲ್ಲ, ನನ್ನ ತವರಿನ ಮಾತನ್ನು ಅಣಕಿಸಿ ತೆಲುಗಿನಲ್ಲಿ ಕೇಳಿದರು. "ಏಂ ಕಾವಾಲ? ಚೆಪ್ಪು!"

ಏನು ಬೇಕು, ಹೇಳು ಎಂದು ಅದರ ಅರ್ಥ. ತೆಲುಗಿನಲ್ಲಿ ಚೆಪ್ಪು ಅಂದರೆ ಹೇಳು. ಚೆಪ್ಪು ಅಂದರೆ ಮೆಟ್ಟೂ ಹೌದು. ಮಾವನಿಗೆ ಗೊತ್ತಿದ್ದುದು ಅರ್ಧ ತೆಲುಗು, ಅದರಲ್ಲಿ ಈ ಎರಡನೇ ಅರ್ಥ ಇರಲಿಲ್ಲ. ನನಗೆ ಅವರ ಮಾತು ತಿಳಿಯಲಿಲ್ಲ ಅಂತಲ್ಲ. ಅವರ ಬಾಯಲ್ಲೇ ಆ ಮಾತು ಬಂದ ಮೇಲೆ ನನ್ನ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

"ಚೆಪ್ಪು" ಎಂದೆ.

"ಅದೇ ಕಣಮ್ಮ. ಚೆಪ್ಪು, ಚೆಪ್ಪು."

"ಚೆಪ್ಪೇ ಮಾವ."

"ಏ, ಗಿಣಿ ಥರಾ ನಾನಂದಿದ್ದನ್ನೇ ಅಂತಾಳಲ್ಲೋ! ಏನ್ ಬೇಕು ಅಂತ ಬೊಗಳಮ್ಮ."

ಕಟ್ಟೆಯ ಮೂಲೆಯಲ್ಲಿ ಒಬ್ಬ ಹಲ್ಲಿಲ್ಲದ ಮುದುಕ ಕೂತಿದ್ದ. ಹರೆಯದಲ್ಲಿ ಪಾವಗಡದ ಸಂತೆಗಳಲ್ಲಿ ಎತ್ತಿನ ವ್ಯಾಪಾರ ಮಾಡಿದವನು. ಅವನು ಕೇಕೆ ಹಾಕಿ ತೊಡೆ ತಟ್ಟಿದ.

"ಲೇ, ಅವ್ಳು ಮೆಟ್ಟು ಕೇಳ್ತಾವ್ಳೆ ಕಣ್ಲಾ! ನಾಯಕಾ, ನೀನೇ ಚೆಪ್ಪು ಚೆಪ್ಪು ಅಂತ ಎಲ್ಡು ಕಿತ ಕೂಗ್ದೆ. ಎಲ್ಡು ಕಾಲಿಗೂ ಆಯ್ತು!"

ಮತ್ತೆ ನಗು. ಒಬ್ಬ, "ಮಾವನ ಕೈಲಿ ಮೆಟ್ಟು ಕೇಳಿ ಈಸ್ಕಂಡ ಸೊಸೆ ಇವ್ಳೊಬ್ಳೆ ಕಣಪ್ಪ" ಎಂದ. ನಮ್ಮಲ್ಲಿ ಮೆಟ್ಟಿನಲ್ಲಿ ಕೊಡುತ್ತೇನೆ ಅಂದರೆ ಹೊಡೆಯುತ್ತೇನೆ ಅಂತ ತಾನೇ. ನಾಲ್ಕು ಜನರ ಮುಂದೆ ಆಡಿದ ಮಾತು, ಮಾವ ನುಂಗುವ ಹಾಗಿರಲಿಲ್ಲ. "ಓಡಿದ್ರೆ ತಾನೆ, ನೋಡಾನ ನಡಿ" ಎಂದರು. ಮನೆಗೆ ಬಂದ ಮೇಲೆ ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದೊಂದು ಸುಖ.

ಕೆಲಸಕ್ಕೆ ಕೂತೆ. ಮೊದಲು ಅಳತೆಯೇ ತಪ್ಪು. ಮಲಗಿದ ನಾಯಿಯ ಪಾದ ಮುಚ್ಚಿಕೊಂಡಿರುತ್ತದೆ, ನಿಂತಾಗ ಮೈಭಾರಕ್ಕೆ ಬೆರಳು ಹರಡುತ್ತದೆ. ಮುಂಗಾಲಿನ ಪಾದ ಹಿಂಗಾಲಿನದ್ದಕ್ಕಿಂತ ಅಗಲ. ಜರಡಿ ಹಿಡಿದ ಬೂದಿಯನ್ನು ಹಿತ್ತಿಲಲ್ಲಿ ಹರಡಿ, ಮುದ್ದೆಯ ಚೂರನ್ನು ಮೇಲೆ ಎತ್ತಿ ಹಿಡಿದು, ನಾಯಿಯನ್ನು ಅದರ ಮೇಲೆ ನಿಲ್ಲಿಸಿದೆ. ಹೆಜ್ಜೆ ಮೂಡಿತು. ಅಜ್ಜ ಬಂದು ನೋಡಿದ. "ನಿಂತ ಕಾಲಿಗೂ ಮಲಗಿದ ಕಾಲಿಗೂ ಒಂದು ಬೆಳ್ಳು ಫರಕು! ಮನುಸ್ರ ಕಾಲಿಗೆ ಇಷ್ಟು ನೋಡಲ್ಲ ಯಾರೂವೆ" ಎಂದು ಬೂದಿಯ ಮೇಲೆ ಕಡ್ಡಿ ಇಟ್ಟು ಅಳೆದುಕೊಂಡು ಹೋದ.

ಎರಡನೇ ಸಲದ ಬೂಟು ಸರಿಯಾಗಿ ಕೂತವು. ಕೂತಿದ್ದು ಅರ್ಧ ದಿನ. ನಾನು ಹಿಟ್ಟು ಬೀಸುತ್ತಿದ್ದಾಗ ಕರಿಯ ನಾಯಿ ಒಂದು ಬೂಟನ್ನು ತಿಂದುಬಿಟ್ಟಿತು. ನಾಯಿಗೆ ಪಟ್ಟ ಕಟ್ಟಿದರೆ ಕೆರ ಕಡಿಯೋದು ಬಿಡುತ್ತದೆಯೇ? ತಿಂದಿದ್ದನ್ನು ಸಂಜೆ ಹೊಸ್ತಿಲ ಮುಂದೆ ಕಕ್ಕಿತು. ತೊಗಲಿನ ಚೂರು, ನೊರೆ, ಅರ್ಧ ಅರೆದ ಮುದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ತೊಗ್ಲು ಚೆನ್ನಾಗೈತೆ, ಬಿಸಾಕ್ಬ್ಯಾಡ, ತೊಳ್ದು ಇಡು, ತ್ಯಾಪೆಗಾಯ್ತದೆ" ಎಂದರು. ಕೈ ಹಾಕಿ ಆರಿಸಿದೆ, ತೊಳೆದೆ.

ಆಮೇಲೆ ಬೂಟಿಗೆಲ್ಲ ಹೊಂಗೆ ಎಣ್ಣೆ ಬಳಿದೆ. ಅದಕ್ಕಿಂತ ಕಹಿ ಇನ್ನೊಂದಿಲ್ಲ. ಬಾಯಿ ಹಾಕಿದರೆ ನಾಲಿಗೆ ಹೊರಗೆ ಹಾಕಿಕೊಂಡು ಜೊಲ್ಲು ಸುರಿಸುತ್ತಿದ್ದವು. ಬಾಯಿ ಹಾಕಿದಾಗೆಲ್ಲ ಮೂತಿಗೆ ಒಂದು ಏಟು, ಹಾಕದೆ ಇದ್ದರೆ ಮುದ್ದೆಯ ಚೂರು. ಕೆಂಪು ನಾಯಿ ನಾಲ್ಕು ದಿನಕ್ಕೆ ಕಲಿಯಿತು. ಕರಿಯನಿಗೆ ಕಣ್ಣು ತಪ್ಪಿದರೆ ಕಚ್ಚುವ ಚಾಳಿ ಕೊನೆಯವರೆಗೂ ಹೋಗಲಿಲ್ಲ.

ಬೂಟು ಅಭ್ಯಾಸ ಮಾಡಿಸುವುದು ಅಂದರೆ ಹಾಕಿಬಿಡುವುದಲ್ಲ. ನಾಯಿಗೆ ಪಾದ ಮುಟ್ಟಿದರೆ ಆಗದು. ಮೊದಲು ಮೂರು ದಿನ ಬರೀ ಪಾದ ಹಿಡಿಯುವುದು, ಬೆರಳ ಸಂದು ಒರೆಸುವುದು. ಅಲ್ಲಿ ಏನೆಲ್ಲ ಇರುತ್ತದೆ ಎಂದು ಕೇಳಬೇಡಿ. ಆಮೇಲೆ ಹಳೇ ಸೀರೆಯ ಚಿಂದಿ ಸುತ್ತುವುದು. ಆಮೇಲೆ ಒಂದು ಕಾಲಿಗೆ ಬೂಟು, ಅದೂ ಅಂಬಲಿ ಕುಡಿಯುವಷ್ಟು ಹೊತ್ತು ಮಾತ್ರ. ಅಂಬಲಿ ಮುಗಿದ ತಕ್ಷಣ ಬಿಚ್ಚಿ ಬೂದಿ ಹಾಕಿ ಒರೆಸಬೇಕು, ಇಲ್ಲದಿದ್ದರೆ ಬೆವರಿಗೆ ಅಂಗಾಲು ನೆನೆದು ಬೆಂದ ಹಾಗೆ ಆಗುತ್ತದೆ. ಹಾಗೇ ಎರಡು ಕಾಲು, ನಾಲ್ಕು ಕಾಲು. ಮೊದಲು ಹಳ್ಳದ ಮರಳಿನಲ್ಲಿ ನಡೆಸಿದೆ, ಆಮೇಲೆ ಗಟ್ಟಿ ನೆಲ, ಆಮೇಲೆ ಬಂಡೆ. ನಾನು ಬರಿಗಾಲಿನಲ್ಲಿ ಕುಂಟುತ್ತ ಮುಂದೆ, ಬೂಟು ಹಾಕಿಕೊಂಡ ನಾಯಿ ಎರಡು ಹಿಂದೆ. ಬಾವಿಯ ಹತ್ತಿರದ ಹೆಂಗಸರಿಗೆ ದಿನಾ ಹಬ್ಬ.

"ಏನಮ್ಮಿ, ಮಕ್ಳುನ್ನ ಇಸ್ಕೂಲಿಗೆ ಬುಡಕ್ಕೆ ಹೊಂಟ್ಯಾ?"

"ಬೂಟು ನಾಯಿಗೆ, ಕುಂಟು ನಿಂಗೆ. ಒಳ್ಳೆ ಮನೆ ಸೇರ್ಕಂಡೆ ಬುಡು!"

ಕೆಂಪು ನಾಯಿ ಬುದ್ಧಿವಂತೆ. ನಾನು ಬೂಟು ಹಿಡಿದು ಕೂತರೆ ತಾನೇ ಒಂದು ಕಾಲು ಎತ್ತಿ ನನ್ನ ತೊಡೆಯ ಮೇಲೆ ಇಡುವುದನ್ನು ಕಲಿಯಿತು. ಬಿಚ್ಚುವಾಗಲೂ ಹಾಗೆಯೇ. ಮಾವ ಅದನ್ನು ನೋಡಿ ಬೀಗಿದರು, ತಾವೇ ಕಲಿಸಿದವರ ಹಾಗೆ. ನನ್ನ ಹಿಮ್ಮಡಿಯ ಗಾಯಕ್ಕೆ ಈಗ ಎರಡು ಬಾಯಿ ಆಗಿತ್ತು. ರಾತ್ರಿ ಕಾಲು ಬಿಸಿ, ಬೆಳಿಗ್ಗೆ ತೊಡೆಸಂದಿನಲ್ಲಿ ಗಡ್ಡೆ. ಪಕ್ಕದ ಮನೆಯವಳಿಗೂ ಮೊದಲು ಬಂದಿದ್ದು ಆ ಗಡ್ಡೆಯೇ. ಯುಗಾದಿಗೆ ಎಷ್ಟು ದಿನ ಎಂದು ಎಣಿಸುತ್ತಿದ್ದೆ.

ಹೊಸ್ತೊಡಕು ಬಂತು. ಹೊರಡುವ ಮುಂಚೆ ಗಂಡನಿಗೆ ಎರಡು ಸಲ ಹೇಳಿದೆ. "ಮೆಳೆಯಿಂದ ಆಚೆ ಬಂದ್ ತಕ್ಷಣ ಬಿಚ್ಬುಡಿ. ನೀರಿಗೆ ಇಳಿಯೋಕ್ಕೆ ಮುಂಚೆ ಬಿಚ್ಲೇಬೇಕು. ತೊಗ್ಲು ನೆಂದು ಒಣಗಿದ್ರೆ ಬಿಗಿಯಾಯ್ತದೆ." ತಲೆ ಆಡಿಸಿದರು. ತಲೆ ಆಡಿಸುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಮಧ್ಯಾಹ್ನಕ್ಕೆ ತಮಟೆ ಕೇಳಿಸಿತು. ಬೂಟಿನ ನಾಯಿಗಳು ಕಳ್ಳಿ ಮೆಳೆಗೆ ನುಗ್ಗಿ ಹಂದಿಯನ್ನು ಹೊರಗೆ ಅಟ್ಟಿದ್ದವು. ಮಾವ ಹಂದಿಯ ಮುಂದೆ ಮೀಸೆ ತಿರುವುತ್ತ ಬಂದರು. ಕಟ್ಟೆಯ ಮುದುಕ ಮರೆತಿರಲಿಲ್ಲ. "ನಾಯಕಾ, ಚೆಪ್ಪು!" ಎಂದು ಕೂಗಿದ. ಕುಡಿದ ಖುಷಿಯಲ್ಲಿದ್ದ ಮಾವ ಅಲ್ಲೇ ಅಜ್ಜನಿಗೆ, "ಲೇ, ನಮ್ಮ ಸೊಸೆಗೂ ಒಂದು ಜೊತೆ ಒಲೀಲಾ" ಎಂದರು. ಅಜ್ಜ ಹಿತ್ತಿಲಿಗೆ ಬಂದು ದೂರ ನಿಂತ. ನಾನು ಬೂದಿಯ ಮೇಲೆ ನಿಂತು ಹೆಜ್ಜೆ ಮೂಡಿಸಿ ಈಚೆ ಸರಿದೆ. ಅವನು ಕಡ್ಡಿ ಇಟ್ಟು ಅಳೆದುಕೊಂಡ. ಎಡಗಾಲಿನ ಗುರುತಿನಲ್ಲಿ ಕೀವು ಅಂಟಿಕೊಂಡಿತ್ತು. "ನಾಕು ದಿನ ತಡ್ಕ ಕಣವ್ವ" ಎಂದು ಹೇಳಿ ಹೋದ.

ಮಾವ ಅಷ್ಟಕ್ಕೆ ಸುಮ್ಮನಾಗಲಿಲ್ಲ. ನಮ್ಮೂರವರು ನೋಡಿದ್ದಾಯಿತು, ಕೊಳಾಲದ ಕಡೆ ಇದ್ದ ನಂಟರು ನೋಡಬೇಡವೇ? ಸಂಜೆಯೇ ಗಾಡಿ ಕಟ್ಟಿಸಿ, ನಾಯಿಗಳನ್ನು ಹತ್ತಿಸಿಕೊಂಡು, ನನ್ನ ಗಂಡನನ್ನೂ ಕರೆದುಕೊಂಡು ಹೊರಟರು. ಬೂಟು ಬಿಚ್ಚಲಿಲ್ಲ. ಬಿಚ್ಚಿದರೆ ದಾರಿಯಲ್ಲಿ ಸಿಕ್ಕವರು ನೋಡುವುದು ಏನನ್ನು? ಊರೂರಲ್ಲಿ ಇಳಿಸಿ ನಡೆಸಿದರಂತೆ. ಹಳ್ಳ ದಾಟಿಸಿದರಂತೆ. ನಂಟರ ಮನೆಯ ಮುಂದೆ ದಿನಾ ಜಾತ್ರೆಯಂತೆ. ನಾಲ್ಕನೇ ದಿನ ವಾಪಸ್ಸು ಬಂದರು.

ಗಾಡಿ ಬರುವ ಮುಂಚೆ ವಾಸನೆ ಬಂತು. ಕರಿಯ ನಾಯಿ ಕುಣಿದುಕೊಂಡು ಇಳಿಯಿತು. ಹಳ್ಳದ ನೀರಿಗೆ ಹೊಂಗೆ ಎಣ್ಣೆ ತೊಳೆದುಹೋಗಿತ್ತು, ಅದು ಮೊದಲನೇ ದಿನವೇ ತನ್ನ ಬೂಟುಗಳನ್ನು ಕಡಿದು ಎಸೆದಿತ್ತು. ಕೆಂಪು ನಾಯಿ ಇಳಿಯಲಿಲ್ಲ. ಎತ್ತಿ ಇಳಿಸಿದರು. ತೆವಳಿಕೊಂಡು ನನ್ನ ಹತ್ತಿರ ಬಂದು, ಮುಂಗಾಲು ಎತ್ತಿ ನನ್ನ ಕಡೆಗೆ ಹಿಡಿಯಿತು.

ತೊಗಲು ನೆನೆದು, ಒಣಗಿ, ಕಲ್ಲಾಗಿ, ದಾರ ಮಾಂಸದೊಳಗೆ ಇಳಿದು ಕಾಣಿಸುತ್ತಲೇ ಇರಲಿಲ್ಲ. ಕುಡುಗೋಲಿನ ಮೊನೆಯಿಂದ ಸೀಳಿ ತೆಗೆದೆ. ತೆಗೆದಾಗ ಕೂದಲು, ಚರ್ಮ, ಒಂದು ಉಗುರು ಬೂಟಿನ ಜೊತೆಗೇ ಬಂದವು. ಒಳಗೆ ಹುಳ. ಅನ್ನದ ಅಗುಳಿನಷ್ಟು ದಪ್ಪ, ಒಂದರ ಮೇಲೊಂದು. ನಾನು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ಕೂತೆ. ಹುಳ ಕಂಡಿದ್ದಕ್ಕೆ ಅಷ್ಟು ಹೇಸಿಗೆ ಆಗಲಿಲ್ಲ. ಕಚ್ಚಬೇಡ ಎಂದು ಹೊಡೆದು ಕಲಿಸಿದವಳು ನಾನು. ಕಲಿಯದೆ ಇದ್ದ ಮೊಂಡು ನಾಯಿ ಬದುಕಿಕೊಂಡಿತು. ಮಾತು ಕೇಳಿದ್ದು ಕಾಲು ಕೊಳೆಸಿಕೊಂಡು ನಾಲ್ಕು ದಿನ ಬೂಟಿಗೆ ಬಾಯಿ ಹಾಕದೆ ಕೂತಿತ್ತು. ಆ ಹೇಸಿಗೆ ಬೇರೆ.

ಮಾವ ಜಗುಲಿಯ ಮೇಲೆ ನಿಂತು ನೋಡುತ್ತಿದ್ದರು. "ಏನ್ ಕಲ್ಸಿದ್ಯೇ ನೀನು? ನನ್ನ ನಾಯಿ ಹಾಳ್ಮಾಡ್ಬುಟ್ಯಲ್ಲೇ" ಎಂದರು.

"ಹಾಕೋದು ಕಲ್ಸಿದ್ದು ನಾನು ಮಾವ. ಬಿಚ್ಚೋದು ಕೈ ಇರೋರ ಕೆಲ್ಸ."

ಅತ್ತೆ ಒಳಗಿನಿಂದ, "ಬಾಯಿ ನೋಡು ಬಾಯಿ!" ಎಂದರು. ಗಂಡ ಎತ್ತು ಬಿಚ್ಚುವ ನೆಪದಲ್ಲಿ ಗಾಡಿಯ ಆಚೆಗೆ ಹೋದರು.

ಅದೇ ಹೊತ್ತಿಗೆ ಅಜ್ಜ ಬಂದ. ಕಂಕುಳಲ್ಲಿ ತನ್ನ ಹಳೇ ಮೆಟ್ಟು, ಕೈಯಲ್ಲಿ ಚಿಂದಿಬಟ್ಟೆಯಲ್ಲಿ ಸುತ್ತಿದ ನನ್ನ ಹೊಸ ಮೆಟ್ಟು. ಅಂಗಳದ ಅಂಚಿನಲ್ಲಿ ನಿಂತು ಬಟ್ಟೆ ಬಿಚ್ಚಿ ನೆಲದ ಮೇಲೆ ಇಟ್ಟ. ಎರಡು ಪದರದ ಅಟ್ಟೆ, ಹಿಮ್ಮಡಿ ಜಾಗದಲ್ಲಿ ಇನ್ನೊಂದು ಪದರ ಹೆಚ್ಚಿಗೆ ಕೊಟ್ಟಿದ್ದ. ಯಾರೂ ಹೇಳಿರಲಿಲ್ಲ ಅವನಿಗೆ.

"ತಕ್ಕಂಡೋಗ್ಲಾ ಅದನ್ನ" ಎಂದರು ಮಾವ. "ನಾಯಿ ಕಾಲು ತಗ್ದೋಳಿಗೆ ಮೆಟ್ಟು ಬೇರೆ ಕೇಡು. ನಾನು ಚೆಪ್ಪು ಅಂದಿದ್ದು ಹೇಳು ಅಂತ. ಮೆಟ್ಟು ಕೊಡ್ತೀನಿ ಅಂತ ಎಲ್ಲಂದೆ?"

ಅಜ್ಜ ಬಗ್ಗಿದ. ಅವನು ಬಗ್ಗದೆ ಏನು ಮಾಡುತ್ತಾನೆ? ಆ ಬೀದಿಯಲ್ಲಿ ಅವನ ಬೆನ್ನು ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಆದರೆ ಬಗ್ಗಿದವನು ಬೇಗ ಎತ್ತಿಕೊಳ್ಳಲಿಲ್ಲ. ಮಡಿಸಿದ ಬಟ್ಟೆಯನ್ನು ಬಿಡಿಸಿದ, ಮತ್ತೆ ಮಡಿಸಿದ.

ನಾನು ಎದ್ದೆ. ಕೈಯಲ್ಲೆಲ್ಲ ಕೀವು, ರಕ್ತ. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲು ಕೈ ಶುದ್ಧವಿರಲಿಲ್ಲ. ನಾಲ್ಕು ಹೆಜ್ಜೆ ಕುಂಟಿಕೊಂಡು ಹೋಗಿ ಎರಡು ಕಾಲನ್ನೂ ಮೆಟ್ಟಿನೊಳಗೆ ತೂರಿಸಿದೆ. ಮಾವನ ಕಣ್ಣೆದುರಿಗೆ, ಅವರ ಅಂಗಳದಲ್ಲಿ.

ಒಬ್ಬರು ಮೆಟ್ಟಿದ ಮೆಟ್ಟನ್ನು ಇನ್ನೊಬ್ಬರು ಮೆಟ್ಟುವುದಿಲ್ಲ, ಅವರ ಶನಿ ಇವರಿಗೆ ಹತ್ತುತ್ತದೆ ಎನ್ನುತ್ತಿದ್ದರು ನಮ್ಮ ಕಡೆ. ಇನ್ನು ಅಜ್ಜ ವಾಪಸ್ಸು ತೆಗೆದುಕೊಂಡು ಹೋಗಿ ಯಾರಿಗೆ ಕೊಡುತ್ತಾನೆ? ಅವನು ಖಾಲಿ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ. "ಮೆಟ್ಬುಟ್ರಲ್ಲ ಬುದ್ದಿ" ಎಂದ, ತನ್ನದೇನೋ ತಪ್ಪಾದವನ ಹಾಗೆ.

"ಬಿಚ್ಚೇ" ಎಂದರು ಮಾವ.

ನಾನು ಹೆಬ್ಬೆರಳನ್ನು ಉಂಗುಟದೊಳಕ್ಕೆ ಇನ್ನೂ ಒತ್ತಿದೆ.

"ಬಿಚ್ಚು ಅಂದೆ!"

ಮುಂದೆ ಆಗಿದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಮೆಟ್ಟನ್ನು ಊರೊಳಗೆ ಕೈಯಲ್ಲಿ ಹಿಡಿದು ಊರಾಚೆ ಕಾಲಿಗೆ ಹಾಕಿಕೊಳ್ಳಬೇಕು ಎಂದು ಅತ್ತೆ ಆಮೇಲೆ ತೀರ್ಮಾನ ಮಾಡಿದರು, ನಾನು ಒಪ್ಪಿದೆ. ಮುಳ್ಳು ಇದ್ದುದು ಊರಾಚೆಯೇ. ಮಳೆ ಹಿಡಿಯುವ ಹೊತ್ತಿಗೆ ಒಳಗೆ ಮುರಿದಿದ್ದ ಚೂರು ತಾನಾಗಿ ಹೊರಗೆ ಬಂತು, ಹಿಮ್ಮಡಿ ಮಾಯಿತು. ಕೆಂಪು ನಾಯಿಗೆ ಎರಡು ಬೆರಳು ಉದುರಿದವು, ಬದುಕಿತು. ಮಾವ ಅದನ್ನು ಮತ್ತೆ ಬೇಟೆಗೆ ಕರೆಯಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಬೂಟಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವತ್ತು ಮಾವ ಮೂರನೇ ಸಲ ಹೇಳಲಿಲ್ಲ. ವಾಸನೆಗೋ ಸಿಟ್ಟಿಗೋ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಮೆಟ್ಟು ಹಾಕಿಕೊಂಡೇ ನಾಯಿಯ ಮುಂದೆ ಕೂತೆ. ಹೊಸ ತೊಗಲು ಬಿರುಸು, ಹಿಮ್ಮಡಿಗೆ ಉಜ್ಜಿ ಕಣ್ಣಲ್ಲಿ ನೀರು ಬರುತ್ತಿತ್ತು. ಬಿಚ್ಚಲಿಲ್ಲ. ಅವತ್ತು ಬಿಚ್ಚಿದ್ದರೆ ಮತ್ತೆ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಜಾಲಿ ಮುಳ್ಳೊಂದನ್ನು ಮುರಿದುಕೊಂಡು ಹುಳ ತೆಗೆಯುವುದಕ್ಕೆ ಹಿಡಿದೆ. ಔಷಧಿ ಇಲ್ಲ, ಡಾಕ್ಟರಿಲ್ಲ, ಇದ್ದುದು ಆ ಮುಳ್ಳು, ಸೀತಾಫಲದ ಸೊಪ್ಪಿನ ರಸ. ಮುಂದಿನ ಬಲಗಾಲು ಮುಗಿಯಿತು. ಎಡಗಾಲು ಕೊಡು ಎಂದೆ, ಕೊಟ್ಟಿತು.